ಮಾನೇಸರದ ಹಿಟ್ಟಿನ ಕಾರ್ಖಾನೆ

ಹೆಂಡತಿಯ ಮಾತು ಕೇಳಿ ಕೆಟ್ಟವರಿದ್ದಾರೆ, ಕೇಳದೆ ಕೆಟ್ಟವರೂ ಇದ್ದಾರೆ. ಸುಧಾಕರ ಅರ್ಧ ಕೇಳಿ ಕೆಟ್ಟ. ಜ್ಯೇಷ್ಠ ಮಾಸದ ಆ ಮಂಗಳವಾರ ಬೆಳಗ್ಗೆ ಆರೂವರೆಗೆ, ದೆಹಲಿಯ ಸರೋಜಿನಿ ನಗರದ ಮಾರ್ಕೆಟ್ಟಿನ ಬೆನ್ನಿಗೆ ಅಂಟಿಕೊಂಡಿರುವ ಪಿಲಂಜಿಯ ಎರಡು ಕೋಣೆಯ ಮನೆಯಲ್ಲಿ, ಪ್ರಫುಲ್ಲಾ ದೊಡ್ಡ ಇಡ್ಲಿ ಪಾತ್ರೆಯನ್ನು ತಂದು ಹೊಸ್ತಿಲ ಬಳಿ ಇಟ್ಟಳು.

“ಇದೆಂತಕ್ಕೆ?” ಎಂದ ಸುಧಾಕರ.

“ಇನ್‌ಸ್ಪೆಕ್ಟರು ಬರುವುದಲ್ವಾ? ಮನೆ ಬಾಗಿಲಿಗೆ ಬಂದವರಿಗೆ ಬರೀ ಹಸಿ ಹಿಟ್ಟು ತೋರಿಸಿ ಕಳಿಸ್ಲಿಕ್ಕೆ ಆಗ್ತದಾ? ಊರಲ್ಲಿ ಪೋಸ್ಟ್‌ಮ್ಯಾನ್ ಬಂದರೂ ಬೆಲ್ಲ ನೀರು ಕೊಡದೆ ಕಳಿಸ್ತಿರಲಿಲ್ಲ.”

“ಅದು ಮನೆಯಲ್ಲ ಮಾರಾಯ್ತಿ, ಕಾರ್ಖಾನೆ.”

“ಕಾರ್ಖಾನೆಗೇನು ಬಾಗಿಲಿಲ್ವಾ?”

ಸುಧಾಕರ ಪಾತ್ರೆಯನ್ನು ಹೊಸ್ತಿಲಿನಿಂದ ಪಕ್ಕಕ್ಕೆ ಸರಿಸಿದ. ಮೂವತ್ತೊಂದು ವರ್ಷ ಹೌಜ್ ಖಾಸಿನ ಒಂದು ಹೋಟೆಲಿನಲ್ಲಿ ಅಡಿಗೆ ಮಾಡಿದವನು ಅವನು. ಬ್ರಹ್ಮಾವರದ ಕಡೆಯಿಂದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೆಹಲಿಗೆ ಬಂದು, ತಟ್ಟೆ ತೊಳೆಯುವಲ್ಲಿಂದ ಶುರುಮಾಡಿ ಹೆಡ್ ಕುಕ್ ಆಗಿದ್ದ. ಮಾಲೀಕರು ಚಿದಂಬರ ರಾಯರು ಕೆಟ್ಟವರಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ಮಗಳ ಕಾಲೇಜಿಗೆ ಶಿಫಾರಸು ಮಾಡಿದ್ದರು, ಬೈಯುವಾಗಲೂ ‘ನೀವು’ ಬಿಡುತ್ತಿರಲಿಲ್ಲ. ಆದರೂ ಅದು ಅವರ ಹೋಟೆಲು.

ಪಕ್ಕದ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಸಾಲ ಹೇಳಿ ಸುಧಾಕರನ ಇಡ್ಲಿ ತಿಂದು, ಪಾಸಾಗಿ, ಐದು ವರ್ಷ ಬಿಟ್ಟು ಕಾರಿನಲ್ಲಿ ಬಂದು, “ಅಂಕಲ್, ಸ್ವಂತ ಕಂಪನಿ ಮಾಡಿದೀನಿ” ಎನ್ನುತ್ತಿದ್ದರು. ಒಬ್ಬ ಚಪ್ಪಲಿ ಮಾರುವ ಕಂಪನಿ ಮಾಡಿದ್ದ. ಇನ್ನೊಬ್ಬ, ಚಪ್ಪಲಿ ಮಾರುವವರನ್ನು ಹುಡುಕಿಕೊಡುವ ಕಂಪನಿ ಮಾಡಿದ್ದ. ಅವರ ಬೆನ್ನು ತಟ್ಟಿ ಒಳಗೆ ಹೋದಾಗ ಸುಧಾಕರ ‘ಸ್ವಂತ ಕಂಪನಿ’ ಎಂದು ತನಗೆ ತಾನೇ ಹೇಳಿ ನೋಡಿಕೊಳ್ಳುತ್ತಿದ್ದ. ಹೊಟ್ಟೆಕಿಚ್ಚಲ್ಲ ಅದು, ಆಸೆ. ಶ್ರೀಮಂತನಾಗುವ ಆಸೆಯೂ ಅಲ್ಲ. ಬೆಳಗ್ಗೆ ಎದ್ದು ಹೋಗಿ ತೆಗೆಯುವ ಬಾಗಿಲಿನ ಬೀಗದ ಕೈ ತನ್ನ ಜೇಬಿನಿಂದಲೇ ಬರಬೇಕು, ಒಳಗೆ ಕಾಲಿಟ್ಟಾಗ ಇದು ನನ್ನದು ಅನ್ನಿಸಬೇಕು. ಅಷ್ಟೆ. ಈ ಅಷ್ಟಕ್ಕೆ ಅವನು ಮೂವತ್ತೊಂದು ವರ್ಷ ಕಾದಿದ್ದ.

ಹಾಗಿರುವಾಗ ಪಕ್ಕದ ರಾಜ್ಯದ ಸರ್ಕಾರದ ಯೋಜನೆಯೊಂದು ಮಗಳು ನಿರೀಕ್ಷಾಳ ಕಣ್ಣಿಗೆ ಬಿತ್ತು. ಹೊಸದಾಗಿ ಉದ್ದಿಮೆ ಶುರುಮಾಡುವವರಿಗೆ ದೆಹಲಿಯಾಚೆಯ ಕೈಗಾರಿಕಾ ಪ್ರದೇಶ ಮಾನೇಸರದಲ್ಲಿ ಸರ್ಕಾರಿ ಶೆಡ್ಡು, ಯಂತ್ರಕ್ಕೆ ಅರ್ಧ ಸಹಾಯಧನ, ಶೀತಲ ಕೋಣೆ. ಎಲ್ಲವೂ ಒಂದೇ ಕಿಟಕಿಯಲ್ಲಿ. ಇಡ್ಲಿ-ದೋಸೆ ಹಿಟ್ಟು ರುಬ್ಬಿ ಅಲ್ಲಿನ ಕಾರ್ಖಾನೆಗಳ ಕ್ಯಾಂಟೀನಿಗೆ ಕೊಡುವುದು ಸುಧಾಕರನ ಯೋಚನೆ. ಅರ್ಜಿ ಹಾಕಿದರು. ಆ ಒಂದು ಕಿಟಕಿಗೆ ಎಷ್ಟು ಪರದೆಗಳಿದ್ದವೋ, ತೆಗೆದು ತೆಗೆದು ಹದಿನಾಲ್ಕು ತಿಂಗಳಾಯಿತು. ಕೊನೆಗೆ ಸ್ಥಳ ಪರಿಶೀಲನೆಯ ದಿನ ಗೊತ್ತಾಯಿತು. ಸುಧಾಕರ ಮಾನೇಸರದಲ್ಲಿ ಒಂದು ತಗಡಿನ ಶೆಡ್ಡು ತಾತ್ಕಾಲಿಕವಾಗಿ ಹಿಡಿದು, ಹಳೆಯ ಗ್ರೈಂಡರ್ ಎರಡು ಇಟ್ಟು, ರಾಯರ ಹತ್ತಿರ ಒಂದು ತಿಂಗಳ ರಜೆ ಪಡೆದ. ಬಂದ ಇನ್‌ಸ್ಪೆಕ್ಟರು ವರದಿಯಲ್ಲಿ ‘ತಯಾರಿಕಾ ಘಟಕ’ ಎಂದು ಬರೆದರೆ ಗೆದ್ದ. ಬರೆಯದಿದ್ದರೆ ರಜೆ ಅವತ್ತಿಗೆ ಮುಗಿಯುತ್ತಿತ್ತು, ಮರುದಿನ ಬೆಳಗ್ಗೆ ರಾಯರ ಅಡಿಗೆಮನೆ.

“ಅಚ್ಛಾ, ಪಾತ್ರೆ ಇರಲಿ,” ಎಂದ ಸುಧಾಕರ. “ಸ್ಯಾಂಪಲ್ ಅಂತ ಎರಡು ಇಡ್ಲಿ. ಅದಕ್ಕಿಂತ ಹೆಚ್ಚು ಬೇಡ.”

“ಎರಡು ಯಾರ ಹೊಟ್ಟೆಗೆ?” ಎಂದು ಪ್ರಫುಲ್ಲಾ ಚಟ್ನಿಗೆ ಎಂಟು ತೆಂಗಿನಕಾಯಿ ಚೀಲಕ್ಕೆ ಹಾಕಿದಳು. ಜೊತೆಗೆ ಮುಖ್ಯಪ್ರಾಣ ದೇವರ, ಅಂದರೆ ಹನುಮಂತನ, ಪಟವನ್ನೂ ಇಟ್ಟುಕೊಂಡಳು. ಹೊಸ ಕೆಲಸಕ್ಕೆ ದೇವರಿಲ್ಲದೆ ಹೋಗುವುದು ಅವಳ ತವರಿನಲ್ಲಿ ಇರಲಿಲ್ಲ.

ಅಷ್ಟರಲ್ಲಿ ದಕ್ಷಿಣಾಮೂರ್ತಿಗಳು ಬಂದರು. ರಸ್ತೆಯಾಚೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಗಳ ಮನೆಯಲ್ಲಿರುವ ನಿವೃತ್ತ ಸೆಕ್ಷನ್ ಆಫೀಸರು. ಮೈಸೂರಿನವರು. ಅರ್ಜಿ ಯಾರದೇ ಇರಲಿ, ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಟಿಪ್ಪಣಿ ಬರೆಯದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಯಾರೂ ಕರೆಯದಿದ್ದರೂ, ಸಾಮಾನು ಹೇರಲು ಕರೆಸಿದ್ದ ಟೆಂಪೋದ ಮುಂದಿನ ಸೀಟಿನಲ್ಲಿ ಕೂತರು, ಕೈಯಲ್ಲಿ ಯೋಜನೆಯ ಮಾರ್ಗಸೂಚಿ.

“ನೋಡಿ ಸುಧಾಕರ್, ಪ್ಯಾರಾ ಒಂಬತ್ತು ಬಹಳ ಡೇಂಜರ್,” ಎಂದರು. “ತಿಂಡಿ ಬಡಿಸಿ ಹಣ ತಗೊಳ್ಳೋ ಜಾಗ ಈ ಯೋಜನೆಗೆ ಬರೋದಿಲ್ಲ. ಹಿಟ್ಟು ಮಾರಿದರೆ ಕಾರ್ಖಾನೆ. ಒಂದೇ ಒಂದು ಪ್ಲೇಟ್ ಇಡ್ಲಿ ಮಾರಿದಿರೋ, ಹೋಟೆಲು. ಫೈಲು ಕ್ಲೋಸ್.”

“ಮಾರುವುದಿಲ್ಲ ಸಾರ್. ನನ್ನಾಣೆ.”

“ಆಣೆ ಫೈಲಿಗೆ ಹತ್ತೋದಿಲ್ಲ. ಹುಷಾರಾಗಿರಿ.”

ಮಾನೇಸರ ತಲುಪಿದಾಗ ಎಂಟೂವರೆ. ಸುತ್ತ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳು, ಮಧ್ಯೆ ಒಂದು ಟೀ ಅಂಗಡಿ, ಪಕ್ಕಕ್ಕೆ ಸುಧಾಕರನ ಶೆಡ್ಡು. ಒಳಗೆ ಎರಡು ದೊಡ್ಡ ತಂಪುಪೆಟ್ಟಿಗೆಗಳಲ್ಲಿ ಹಿಂದಿನ ದಿನ ರುಬ್ಬಿದ ಇನ್ನೂರು ಪ್ಯಾಕೆಟ್ ಹಿಟ್ಟು ಶಿಸ್ತಾಗಿ ಮಲಗಿತ್ತು. ಪ್ರಫುಲ್ಲಾ ಬಾಗಿಲಿಗೆ ದೇವರ ಪಟ ತೂಗುಹಾಕಿ ಚೆಂಡು ಹೂವಿನ ಮಾಲೆ ಹಾಕಿ, ಚಟ್ನಿ ರುಬ್ಬಿಟ್ಟಳು. ನಿರೀಕ್ಷಾ ಲ್ಯಾಪ್‌ಟಾಪ್ ತೆರೆದಳು.

“ಪಪ್ಪಾ, ಟೆನ್ಶನ್ ಮತ್ ಲೋ. ಪ್ರೆಸೆಂಟೇಶನ್ ರೆಡಿ ಇದೆ. ನೀವು ಬಸ್ ಸ್ಮೈಲ್ ಮಾಡಿ.”

ಸುಧಾಕರ ಸ್ಮೈಲ್ ಅಭ್ಯಾಸ ಮಾಡುತ್ತಿದ್ದಾಗ ಒಂಬತ್ತೂವರೆಗೆ ಕರೆಂಟು ಹೋಯಿತು.

ದೆಹಲಿಯ ಕಡೆಯ ಜೂನ್ ತಿಂಗಳ ಬಿಸಿಲು ಅಂದರೆ ಅದಕ್ಕೆ ದಾಕ್ಷಿಣ್ಯವಿಲ್ಲ. ತಗಡಿನ ಕೆಳಗೆ ಹಿಟ್ಟಿಗೆ ಮತ್ತೇನು ಬೇಕು? ಹನ್ನೊಂದಕ್ಕೆ ಬರಬೇಕಿದ್ದ ಇನ್‌ಸ್ಪೆಕ್ಟರು ಸಾಂಗವಾನ್ ಫೋನು ಮಾಡಿ, ಟೋಲಿನ ಹತ್ತಿರ ಟ್ರಕ್ಕೊಂದು ಮಗುಚಿದೆ, “ಬಸ್ ಆಧಾ ಘಂಟಾ” ಎಂದರು. ಅರ್ಧ ಗಂಟೆಯ ನಂತರ ಮತ್ತೆ ಫೋನು ಮಾಡಿ ಮತ್ತೆ ಅರ್ಧ ಗಂಟೆ ಎಂದರು. ಇತ್ತ ಪ್ಯಾಕೆಟ್ಟುಗಳು ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬತೊಡಗಿದವು. ಹನ್ನೊಂದೂಮುಕ್ಕಾಲಿಗೆ ಮೊದಲನೆಯದು ಒಡೆಯಿತು. ದಕ್ಷಿಣಾಮೂರ್ತಿಗಳು ಪೆಟ್ಟಿಗೆಯೊಳಗೆ ಬಗ್ಗಿ ನೋಡುತ್ತಿದ್ದರು. ಹಿಟ್ಟು ಅವರ ಕನ್ನಡಕದ ಮೇಲೂ, ಮಾರ್ಗಸೂಚಿಯ ಪ್ಯಾರಾ ಒಂಬತ್ತರ ಮೇಲೂ ಸಮವಾಗಿ ಬಿತ್ತು.

“ಇನ್‌ಸ್ಪೆಕ್ಟರ್ ಇದನ್ನ ನೋಡಿದರೆ ಫಿನಿಶ್,” ಎಂದಳು ನಿರೀಕ್ಷಾ. “ಹೈಜೀನ್ ಕಾ ಭೀ ಮಾರ್ಕ್ಸ್ ಹೈ.”

“ಚೆಲ್ಲಿಬಿಡುವಾ?” ಎಂದ ಸುಧಾಕರ, ತನ್ನ ಬಾಯಿಯಿಂದ ಆ ಮಾತು ಬಂದದ್ದಕ್ಕೆ ತಾನೇ ಬೆಚ್ಚಿ.

“ಚೆಲ್ಲುವುದಾ?” ಪ್ರಫುಲ್ಲಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಒಳ್ಳೆ ಹಿಟ್ಟು! ಇನ್ನೊಂದು ಗಂಟೆ ಬಿಟ್ಟರೆ ಹುಳಿ, ಈಗ ಬೇಯಿಸಿದರೆ ಹೂವು. ಒಲೆ ಹಚ್ಚಿ. ಬೇಯಿಸಿ ಇಡುವಾ, ತಿನ್ನುವವರು ಯಾರಾದರೂ ಸಿಗ್ತಾರೆ. ನಾಲ್ಕು ಪ್ಯಾಕೆಟ್ ಮಾತ್ರ ಐಸಿನಲ್ಲಿಟ್ಟು ಸಾಹೇಬರಿಗೆ ತೋರಿಸಿ.”

ಯೋಚನೆ ಚೆನ್ನಾಗಿಯೇ ಇತ್ತು. ಕೆಡುವ ದಿನ ಎಲ್ಲ ಯೋಚನೆಗಳೂ ಚೆನ್ನಾಗಿಯೇ ಇರುತ್ತವೆ. ಟೀ ಅಂಗಡಿಯ ಭಯ್ಯಾ ಒಂದು ಒಲೆಯನ್ನೂ ಎರಡು ಹಂಡೆಯನ್ನೂ ಕೊಟ್ಟ. ಮೊದಲ ಸುತ್ತಿನ ಇಡ್ಲಿ ಇಳಿದಾಗ ಅಕ್ಕಿ-ಉದ್ದಿನ ಹಬೆ ಶೆಡ್ಡಿನಿಂದ ಹೊರಟು, ಎಣ್ಣೆ, ಕಬ್ಬಿಣದ ವಾಸನೆಯ ರಸ್ತೆಯನ್ನು ದಾಟಿ, ಎದುರಿನ ಕಾರ್ಖಾನೆಯ ಗೇಟಿನಲ್ಲಿ ತೂಕಡಿಸುತ್ತಿದ್ದ ಕಾವಲುಗಾರನನ್ನು ಎಬ್ಬಿಸಿತು. ಅವನು ಎದ್ದು ಬಂದ.

“ಭಯ್ಯಾ, ಪ್ಲೇಟ್ ಕಿತ್ನೇ ಕೀ?”

ರೇಟು ಹೇಳಲು ಸುಧಾಕರ ಬಾಯಿ ತೆರೆದ. ಹಿಂದಿನಿಂದ ದಕ್ಷಿಣಾಮೂರ್ತಿಗಳು ಕೆಮ್ಮಿದರು.

“ಪೈಸಾ ನಹೀಂ!” ಎಂದ ಸುಧಾಕರ ಗಾಬರಿಯಿಂದ. “ಪೈಸಾ ಬಿಲ್ಕುಲ್ ನಹೀಂ. ಐಸೇ ಹೀ ಲೋ.”

ಕಾವಲುಗಾರ ಅವನ ಮುಖ ನೋಡಿದ. ಬಾಗಿಲಿನ ಪಟ ನೋಡಿದ, ಚೆಂಡು ಹೂವಿನ ಮಾಲೆ ನೋಡಿದ. ಇವತ್ತು ಯಾವ ವಾರ ಎಂದು ನೆನಪಿಸಿಕೊಂಡ. ಆಮೇಲೆ ನಿಧಾನವಾಗಿ ಬೂಟು ಬಿಚ್ಚಿ, ಎರಡೂ ಕೈ ಚಾಚಿ, “ಜಯ್ ಬಜರಂಗಬಲಿ” ಎಂದು ಇಡ್ಲಿಯನ್ನು ಕಣ್ಣಿಗೊತ್ತಿಕೊಂಡ.

ಊರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ದೆಹಲಿಯ ಸುತ್ತಮುತ್ತ ಭಂಡಾರಾ ಎಂಬುದೊಂದುಂಟು. ಯಾರೋ ಪುಣ್ಯಾತ್ಮರು ಹರಕೆ ಹೊತ್ತು ಬೀದಿ ಬದಿಯಲ್ಲಿ ಪೂರಿ-ಪಲ್ಯ ಮಾಡಿ ಹೋಗುವವರಿಗೆ ಬರುವವರಿಗೆ ಪುಕ್ಕಟೆ ಹಂಚುತ್ತಾರೆ. ಮಂಗಳವಾರ, ಹನುಮಂತ, ಪುಕ್ಕಟೆ, ಈ ಮೂರು ಒಂದೆಡೆ ಸೇರಿದರೆ ಅದು ಭಂಡಾರಾ. ಪ್ರಮಾಣಪತ್ರ ಬೇಕಿಲ್ಲ. ಮೂವತ್ತೊಂದು ವರ್ಷ ದೆಹಲಿಯಲ್ಲಿದ್ದ ಸುಧಾಕರ ತಾನೇ ಎಷ್ಟೋ ಭಂಡಾರಾಗಳಲ್ಲಿ ನಿಂತು ತಿಂದವನು. ಆದರೆ ಪ್ಯಾರಾ ಒಂಬತ್ತು ತಲೆಯಲ್ಲಿ ಕೂತವನಿಗೆ ಬೇರೇನೂ ಹೊಳೆಯುವುದಿಲ್ಲ.

ಹನ್ನೆರಡೂವರೆಗೆ ಊಟದ ಸೈರನ್ ಕೂಗಿತು. ಗೇಟು ತೆರೆದದ್ದೇ ನೀಲಿ ಅಂಗಿಯ ಕಾರ್ಮಿಕರು ಹೊರಬಿದ್ದರು. ಕಾವಲುಗಾರ ಆಗಲೇ ಸುದ್ದಿ ಹಬ್ಬಿಸಿ, ಕೋಲು ಹಿಡಿದು ಸಾಲು ನಿಲ್ಲಿಸುವ ಅಧಿಕಾರ ತಾನೇ ವಹಿಸಿಕೊಂಡಿದ್ದ. ಟೀ ಅಂಗಡಿಯವನು ಎಲೆಯ ದೊನ್ನೆ ತಂದ. ಯಾರೋ ಒಬ್ಬರು ಗುಲಾಬಿ ಶರಬತ್ತಿನ ಡ್ರಮ್ಮು ತಂದರು. ಇನ್ನೊಬ್ಬರು ಧ್ವನಿವರ್ಧಕ ತಂದು ಹನುಮಾನ್ ಚಾಲೀಸಾ ಹಚ್ಚಿದರು. ನಿರೀಕ್ಷಾಳ ಲ್ಯಾಪ್‌ಟಾಪಿನ ಮೇಲೆ ಯಾರೋ ಭಕ್ತಿಯಿಂದ ಬಾಳೆಹಣ್ಣಿನ ಚಿಪ್ಪು ಇಟ್ಟರು.

“ಯೇ ಭಂಡಾರಾ ನಹೀಂ ಹೈ!” ಎಂದು ಸುಧಾಕರ ಕೂಗಿದ. “ಯೇ ಬಿಸಿನೆಸ್ ಹೈ! ಹಮ್ ಬಿಸಿನೆಸ್‌ಮ್ಯಾನ್ ಹೈ!”

“ಹಾಂ ಹಾಂ ಬಾಬೂಜಿ,” ಎಂದ ಕಾವಲುಗಾರ ಕರಗಿ ನೀರಾಗಿ. “ಪುಣ್ಯದಂಥ ಬಿಸಿನೆಸ್ ಬೇರೆ ಯಾವುದಿದೆ? ಏ, ಸಾಲು ಮುರೀಬೇಡಿ!”

“ನಿಲ್ಲಿಸಿಬಿಡಿ ಸುಧಾಕರ್,” ಎಂದರು ದಕ್ಷಿಣಾಮೂರ್ತಿಗಳು ಕಿವಿಯಲ್ಲಿ.

“ಹೇಗೆ ನಿಲ್ಲಿಸುವುದು ಸಾರ್? ದೊನ್ನೆ ಹಿಡ್ಕೊಂಡು ನಿಂತಿದ್ದಾರೆ.”

“ಹಾಗಾದರೆ ದುಡ್ಡು ಮಾತ್ರ ಮುಟ್ಟಬೇಡಿ. ಒಂದು ರೂಪಾಯಿ ಮುಟ್ಟಿದರೂ ಹೋಟೆಲು.”

ಸುಧಾಕರ ಮುಟ್ಟಲಿಲ್ಲ. ಬಡಿಸಿದ. ಬಡಿಸುತ್ತಾ ಬಡಿಸುತ್ತಾ ಅವನಿಗೆ ಒಂದು ವಿಚಿತ್ರ ಅನುಭವವಾಯಿತು. ರಾಯರ ಹೋಟೆಲಿನಲ್ಲಿ ಅವನಿದ್ದದ್ದು ಗೋಡೆಯ ಹಿಂದೆ. ತಟ್ಟೆ ತುಂಬಿ ಹೋಗುತ್ತಿತ್ತು, ಖಾಲಿ ಬರುತ್ತಿತ್ತು. ತಿನ್ನುವವರ ಮುಖ ಅವನು ಕಂಡದ್ದು ಕಡಿಮೆ. ಇಲ್ಲಿ ಎದುರಿಗೇ ನಿಂತ ಒಬ್ಬ ಹುಡುಗ, ಕೈಯೆಲ್ಲ ಗ್ರೀಸು, ಮೊದಲ ತುತ್ತಿಗೇ ಕಣ್ಣು ಮುಚ್ಚಿ ಸುಮ್ಮನಾಗಿಬಿಟ್ಟ. ಬಿಸಿಲಲ್ಲಿ ನಿಂತೇ ಇನ್ನೊಂದು ಕೇಳಿದ. ಸುಧಾಕರ ಎರಡು ಹಾಕಿದ. ಇದೇ ಅಲ್ಲವೇ ತಾನು ಬಯಸಿದ್ದು, ತನ್ನ ಬಾಗಿಲಲ್ಲಿ, ತನ್ನ ಕೈಯಿಂದ? ಅಯ್ಯೋ, ಇದು ನಿಜವಾಗಿ ನನ್ನದಾಗಿದ್ದಿದ್ದರೆ ಎಂದು ಅವನು ಹಂಡೆಯ ಹಬೆಯಲ್ಲಿ ಮುಖ ಮುಚ್ಚಿಕೊಂಡ. ಬೆವರಿನ ನಡುವೆ ಕಣ್ಣೀರು ಯಾರಿಗೂ ಗೊತ್ತಾಗಲಿಲ್ಲ.

ಒಂದೂವರೆಗೆ ಸರ್ಕಾರಿ ಜೀಪು ಬಂತು.

ಸಾಂಗವಾನ್ ಆರಡಿ ಎತ್ತರದ, ದಪ್ಪ ಮೀಸೆಯ ಮನುಷ್ಯ. ಇಳಿದವರೇ ಸಾಲು ನೋಡಿದರು, ಹಂಡೆ ನೋಡಿದರು, ಹುಬ್ಬು ಗಂಟಿಕ್ಕಿದರು.

“ಇಲ್ಲಿ ಹಿಟ್ಟಿನ ಘಟಕ ಅಂತ ಅರ್ಜಿ ಇದೆ. ಇದು ಹೋಟೆಲ್ ಇದ್ದ ಹಾಗಿದೆಯಲ್ಲ?”

ಸುಧಾಕರನ ಕೈಯಿಂದ ಸೌಟು ಜಾರಿತು. ಆದರೆ ಅವನು ಮಾತಾಡುವ ಮೊದಲೇ ಸಾಲಿಗೆ ಸಾಲೇ ಬಾಯಿ ಮಾಡಿತು.

“ಹೋಟೆಲ್ ಅಲ್ಲ ಸಾಹೇಬ್! ಒಂದು ಪೈಸೆ ತಗೊಂಡಿಲ್ಲ!”

“ಕೊಟ್ಟರೂ ಮುಟ್ಟಲಿಲ್ಲ!” ಎಂದ ಕಾವಲುಗಾರ. “ನಾನು ಬಲವಂತವಾಗಿ ಇಪ್ಪತ್ತು ರೂಪಾಯಿ ಜೇಬಿಗೆ ಹಾಕಹೋದರೆ ಹಾವು ಕಂಡ ಹಾಗೆ ಹಾರಿದರು!”

ದಕ್ಷಿಣಾಮೂರ್ತಿಗಳ ಮುಖ ಅರಳಿತು. ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಇಷ್ಟು ಜನ ಸಾಕ್ಷಿಗಳು ಒಂದೇ ಮಾತು ಹೇಳಿದ್ದನ್ನು ಅವರು ಕಂಡಿರಲಿಲ್ಲ. “ನೋಟ್ ಮಾಡಿಕೊಳ್ಳಿ ಸಾರ್,” ಎಂದರು ಇಂಗ್ಲಿಷಿನಲ್ಲಿ, “ಹಣದ ವಹಿವಾಟು ಲೇಶಮಾತ್ರವೂ ಇಲ್ಲ.”

ಸಾಂಗವಾನರ ಹುಬ್ಬು ಸಡಿಲಾಯಿತು. ಅವರು ಬೂಟು ಬಿಚ್ಚಿದರು, ಪಟಕ್ಕೆ ಕೈಮುಗಿದರು. ಮುಂದೆ ಬನ್ನಿ ಎಂದರೂ ಬಾರದೆ ಸಾಲಿನ ತುದಿಯಲ್ಲಿ ಹೋಗಿ ನಿಂತು, ಸರದಿ ಬಂದಾಗ ಆರು ಇಡ್ಲಿ ತಿಂದರು. ನಿರೀಕ್ಷಾ ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲೇ ನಿಂತು, ಐಸಿನಲ್ಲಿಟ್ಟ ನಾಲ್ಕು ಪ್ಯಾಕೆಟ್ಟು ತೋರಿಸಿ, ಗ್ರೈಂಡರಿನ ಸಾಮರ್ಥ್ಯ, ಕ್ಯಾಂಟೀನುಗಳ ಬೇಡಿಕೆ, ಮೂರನೆಯ ವರ್ಷದ ಅಂದಾಜು ಎಲ್ಲ ಹೇಳಿದಳು. ಅವರು ಪ್ರತಿ ಸ್ಲೈಡಿಗೂ “ವಾಹ್” ಎಂದರು. ಅದು ಚಟ್ನಿಗೆ ಎಂದು ಆಮೇಲೆ ಗೊತ್ತಾಯಿತು.

ಆಮೇಲೆ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ವರದಿ ಬರೆದು, ಒಂದು ಪ್ರತಿ ಸುಧಾಕರನ ಕೈಗಿತ್ತರು. ದಕ್ಷಿಣಾಮೂರ್ತಿಗಳು ಕಸಿದುಕೊಂಡು ಓದಿದರು.

“‘ಸ್ಥಳವು ಹೋಟೆಲ್ ಅಲ್ಲ.’ ಶಹಬ್ಬಾಸ್! ಪ್ಯಾರಾ ಒಂಬತ್ತು ದಾಟಿದಿರಿ!” ಎಂದರು. ಪ್ರಫುಲ್ಲಾ ದೇವರ ಪಟಕ್ಕೆ ಕೈಮುಗಿದಳು. “‘ಯಾವುದೇ ವ್ಯಾಪಾರ ಚಟುವಟಿಕೆ ಕಂಡುಬಂದಿಲ್ಲ. ತಯಾರಾದ ಸಾಮಗ್ರಿಯನ್ನೆಲ್ಲ ಅರ್ಜಿದಾರರು ಭಕ್ತರಿಗೆ ಉಚಿತವಾಗಿ...’” ಅಲ್ಲಿಗೆ ಅವರ ಸ್ವರ ಇಳಿಯಿತು. “‘ಅರ್ಜಿದಾರರು ಧರ್ಮಾತ್ಮರು. ಲಾಭದ ಉದ್ದೇಶ ಇಲ್ಲದ್ದರಿಂದ ಉದ್ದಿಮೆಯ ಯೋಜನೆಗೆ ಅರ್ಹರಲ್ಲ. ಜಿಲ್ಲಾ ಸಮಾಜಸೇವಾ ಸನ್ಮಾನಕ್ಕೆ ಶಿಫಾರಸು ಮಾಡಲಾಗಿದೆ.’”

ಧ್ವನಿವರ್ಧಕದ ಚಾಲೀಸಾ ಒಂದೇ ಕೇಳಿಸುತ್ತಿತ್ತು.

“ಸಾಹೇಬ್,” ಎಂದ ಸುಧಾಕರ, ಅವನ ಹಿಂದಿ ಅಳುವಿನಲ್ಲಿ ತೊಯ್ದಿತ್ತು. “ನಾನು ಧರ್ಮಾತ್ಮ ಅಲ್ಲ. ನನಗೆ ಲಾಭ ಬೇಕು. ಖಂಡಿತ ಬೇಕು. ದಯವಿಟ್ಟು ಬರೆದುಕೊಳ್ಳಿ, ನನಗೆ ಬಹಳ ಲಾಭದ ಆಸೆ.”

ಸಾಂಗವಾನ್ ಅವನನ್ನೇ ನೋಡಿದರು. ಅವರ ಕಣ್ಣು ತುಂಬಿ ಬಂತು. “ಇಷ್ಟು ಮಾಡಿಯೂ ಹೆಸರು ಬೇಡ ಅನ್ನೋರು ಇದ್ದಾರಲ್ಲ,” ಎಂದು ಬಗ್ಗಿ ಅವನ ಕಾಲು ಮುಟ್ಟಿದರು. ಆಮೇಲೆ ಅಲ್ಲಿಂದಲೇ ದೊಡ್ಡ ಸಾಹೇಬರಿಗೆ ಫೋನು ಮಾಡಿದರು. ಸರ್ಕಾರ ಮನಸ್ಸು ಮಾಡಿದರೆ ಎಷ್ಟು ಚುರುಕು ಎಂಬುದನ್ನು ಸುಧಾಕರ ಅವತ್ತು ಕಣ್ಣಾರೆ ಕಂಡ. ಹದಿನಾಲ್ಕು ತಿಂಗಳು ಬಗ್ಗದಿದ್ದದ್ದು ನಾಲ್ಕು ನಿಮಿಷದಲ್ಲಿ ಬಗ್ಗಿತು: ಸರ್ಕಾರಿ ಶೆಡ್ಡು ಪ್ರತಿ ಮಂಗಳವಾರ ಬಾಡಿಗೆಯಿಲ್ಲದೆ, ನೀರಿನ ಟ್ಯಾಂಕರು, ಸಾಲು ಕಾಯಲು ಇಬ್ಬರು ಪೊಲೀಸರು, ಕರೆಂಟು ಹೋದರೆ ಜನರೇಟರು.

“ಷರತ್ತು ಒಂದೇ,” ಎಂದರು ಸಾಂಗವಾನ್ ಕೈಮುಗಿದು. “ಅಲ್ಲಿ ಏನನ್ನೂ ಮಾರೋ ಹಾಗಿಲ್ಲ. ನಿಮಗೆ ಅದನ್ನ ಹೇಳೋದೇ ಅವಮಾನ. ಆದರೂ ನಿಯಮ.”

ಜೀಪು ಹೋಯಿತು. ಸುಧಾಕರ ಟೀ ಅಂಗಡಿಯ ಬೆಂಚಿನ ಮೇಲೆ ಕೂತ. ಕಾವಲುಗಾರ ಮುಂದಿನ ಮಂಗಳವಾರದ ಭಂಡಾರಾವನ್ನು ಮೈಕಿನಲ್ಲಿ ಘೋಷಿಸುತ್ತಿದ್ದ.

“ಅಪೀಲ್ ಮಾಡಬಹುದು,” ಎಂದರು ದಕ್ಷಿಣಾಮೂರ್ತಿಗಳು ಮೆಲ್ಲಗೆ. “ಮುಂದಿನ ಆರ್ಥಿಕ ವರ್ಷದಲ್ಲಿ.”

“ನೀವು ಸ್ವಲ್ಪ ಸುಮ್ಮನಿರಿ ಸಾರ್,” ಎಂದ ಸುಧಾಕರ. ಮೂವತ್ತೊಂದು ವರ್ಷದಲ್ಲಿ ಅವನು ದೊಡ್ಡವರಿಗೆ ಆಡಿದ ಅತ್ಯಂತ ಕಠಿಣ ಮಾತು ಅದು.

ಆಗ ಬಿಳಿ ಕಾರೊಂದು ಬಂದು ನಿಂತಿತು. ಇಳಿದವರು ಸಫಾರಿ ತೊಟ್ಟ ಒಬ್ಬ ಗಟ್ಟಿ ಆಸಾಮಿ. ಅಲ್ಲಿನ ನಾಲ್ಕು ಕಾರ್ಖಾನೆಗಳ ಕ್ಯಾಂಟೀನ್ ಗುತ್ತಿಗೆ ಅವರದೇ ಎಂದು ಟೀ ಅಂಗಡಿಯವನು ಪಿಸುಗುಟ್ಟಿದ. ಅವತ್ತು ಅವರ ಕ್ಯಾಂಟೀನಿಗೆ ಒಬ್ಬನೂ ಊಟಕ್ಕೆ ಬಂದಿರಲಿಲ್ಲ, ಏಕೆಂದು ನೋಡಲು ಬಂದಿದ್ದರು. ಒಂದು ಇಡ್ಲಿ ಬಾಯಿಗಿಟ್ಟುಕೊಂಡರು. ನಿಂತರು. ಇನ್ನೊಂದು ಇಟ್ಟುಕೊಂಡರು.

“ಇಂಥ ಹಿಟ್ಟು ಸಿಗೋದಾದರೆ ನಾನು ದಿನಾ ನಾನೂರು ಕಿಲೋ ತಗೊಳ್ತೀನಿ,” ಎಂದರು ಹಿಂದಿಯಲ್ಲಿ. “ಎರಡು ವರ್ಷದಿಂದ ಹುಡುಕ್ತಾ ಇದೀನಿ.”

ಸುಧಾಕರ ಬೆಂಚಿನಿಂದ ಚಿಮ್ಮಿದ. “ಕೊಡ್ತೇನೆ ಸಾಹೇಬ್! ನಾಳೆಯಿಂದಲೇ! ರೇಟು...”

“ರೇಟಾ?” ಅವರು ಎರಡೂ ಕಿವಿ ಮುಟ್ಟಿಕೊಂಡರು. “ಛೆ ಛೆ! ಹನುಮಾನ್‌ಜೀಯ ಪ್ರಸಾದಕ್ಕೆ ನಾನು ರೇಟು ಕೇಳೋದಾ? ನರಕಕ್ಕೆ ಹೋಗ್ತೀನಿ.” ಪಟದ ಮುಂದೆ ನೂರಾ ಒಂದು ರೂಪಾಯಿ ಇಟ್ಟು ಅಡ್ಡಬಿದ್ದರು. ಎದ್ದು, ಪ್ರಫುಲ್ಲಾಳ ಕಡೆ ತಿರುಗಿ ವಿನಯದಿಂದ ಕೇಳಿದರು: “ಮಾತಾಜಿ, ಇಷ್ಟು ಚೆನ್ನಾದ ಕೈ ಇವರದು, ಎಲ್ಲಿ ಕಲಿತರು?”

ಪ್ರಫುಲ್ಲಾಳಿಗೆ ಆ ದಿನ ಗಂಡನ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳುವ ಅವಕಾಶ ಸಿಕ್ಕಿತ್ತು. ಬಿಡಲಿಲ್ಲ. ಹೌಜ್ ಖಾಸಿನ ಹೋಟೆಲಿನ ಹೆಸರು, ಮೂವತ್ತೊಂದು ವರ್ಷ, ರಾಯರು ಎಷ್ಟು ಮೆಚ್ಚುತ್ತಾರೆ ಎಂಬುದು, ಎಲ್ಲ ಹೇಳಿದಳು. ಅವರು ತಲೆದೂಗಿ ಕಾರು ಹತ್ತಿದರು. ಸುಧಾಕರ “ಪ್ರಸಾದ ಅಲ್ಲ ಸಾಹೇಬ್, ಹಿಟ್ಟು! ಬರೀ ಹಿಟ್ಟು!” ಎಂದು ಕಾರಿನ ಹಿಂದೆ ಅರ್ಧ ಫರ್ಲಾಂಗು ಓಡಿದ. ಜನ ದಾರಿ ಬಿಟ್ಟು ಕೈಮುಗಿದರು. ಅವನು ವಾಪಸು ಬಂದಾಗ ಕರೆಂಟು ಬಂದಿತ್ತು.

ಬಸ್ಸು ಹಿಡಿದು ಮೆಟ್ರೋ ಇರುವಲ್ಲಿಗೆ ಬಂದು, ಐದೂವರೆಗೆ ಮೆಟ್ರೋದಲ್ಲಿ ಕೂತು ಹೊರಟರು. ದಕ್ಷಿಣಾಮೂರ್ತಿಗಳು ಒಂದು ಬೋಗಿ ದೂರದಲ್ಲಿ ಕೂತಿದ್ದರು, ತಾವಾಗಿಯೇ. ಇಡ್ಲಿ ಪಾತ್ರೆ ಸುಧಾಕರನ ತೊಡೆಯ ಮೇಲಿತ್ತು. ತಂಪು ಗಾಳಿಯಲ್ಲಿ ನಿರೀಕ್ಷಾ ಅಪ್ಪನ ಭುಜಕ್ಕೆ ತಲೆಯಾನಿಸಿ, “ಸಾರಿ ಪಪ್ಪಾ. ಹಮ್ ಫಿರ್ ಸೇ ಅಪ್ಲೈ ಮಾಡೋಣ,” ಎಂದಳು. ಅವನು ಅವಳ ತಲೆ ಸವರಿದ. ಐವತ್ತು ದಾಟಿದ ಮೇಲೆ ಆಸೆ ಒಂದು ಸಲ ಮುರಿದರೆ ಮತ್ತೆ ಚಿಗುರಲು ಹೆಚ್ಚು ದಿನ ಬೇಕು, ಮತ್ತು ದಿನಗಳು ಅಷ್ಟಿಲ್ಲ ಎಂಬುದನ್ನು ಮಗಳಿಗೆ ಹೇಗೆ ಹೇಳುವುದು?

ಆಗ ಫೋನು ಬಂತು. ಚಿದಂಬರ ರಾಯರು. ಅವರ ಸ್ವರದಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು.

“ಸುಧಾಕರ, ಎಲ್ಲಿದ್ದೀರಿ? ನಾಳೆ ಬರ್ತೀರಲ್ಲ? ಬರಲೇಬೇಕು. ದೇವರು ಕಣ್ಣು ಬಿಟ್ಟ ಮಾರಾಯ್ರೆ! ಮಾನೇಸರದ ಯಾರೋ ಕ್ಯಾಂಟೀನಿನವರು ಈಗಷ್ಟೇ ಬಂದು ಹೋದರು. ದಿನಕ್ಕೆ ನಾನೂರು ಕಿಲೋ ಹಿಟ್ಟು! ಎಲ್ಲಿಯೋ ಭಂಡಾರಾದಲ್ಲಿ ಇಡ್ಲಿ ತಿಂದರಂತೆ, ಅದನ್ನು ಮಾಡಿದವ ನಮ್ಮ ಹೋಟೆಲಿನವ ಅಂತ ಗೊತ್ತಾಯ್ತಂತೆ. ‘ಅಲ್ಲಿ ದುಡ್ಡು ಕೊಟ್ಟು ಕೇಳುವ ಹಾಗಿರಲಿಲ್ಲ, ನೀವು ಹೋಟೆಲಿನವರು, ನಿಮ್ಮ ಹತ್ತಿರ ಕೇಳಬಹುದಲ್ಲ’ ಅಂತ ನನ್ನ ಹತ್ತಿರ ಅಂದರು. ಅಡ್ವಾನ್ಸ್ ಕೊಟ್ಟೇ ಹೋದರು!”

ರೈಲು ಸುರಂಗಕ್ಕೆ ಇಳಿಯಿತು.

“ಹಲೋ? ಕೇಳ್ತಾ ಉಂಟಾ? ದೊಡ್ಡ ಗ್ರೈಂಡರು ಹಾಕಿಸುವಾ. ಅದಕ್ಕೂ ಸರ್ಕಾರದ ಯೋಜನೆ ಉಂಟಂತೆ, ಇದ್ದ ವ್ಯಾಪಾರ ಬೆಳೆಸುವವರಿಗೆ. ನಮ್ಮದು ನಲವತ್ತು ವರ್ಷದ ಹೋಟೆಲಲ್ವಾ, ಅವರು ಹದಿನೈದು ದಿನದಲ್ಲಿ ಕೊಡ್ತಾರಂತೆ. ಅದಿರಲಿ, ನಿಮ್ಮದು ಎಂತಾಯ್ತು? ಇನ್‌ಸ್ಪೆಕ್ಷನ್?”

“ಆಗಲಿಲ್ಲ ರಾಯರೆ.”

“ತ್ಚು. ಪಾಪ. ಹೋಗಲಿ ಬಿಡಿ, ಇದು ನಿಮ್ಮದೇ ಹೋಟೆಲು ಅಂತ ತಿಳ್ಕೊಳ್ಳಿ.” ರಾಯರು ಅದನ್ನು ನಿಜವಾದ ಪ್ರೀತಿಯಿಂದಲೇ ಹೇಳಿದರು. “ಮತ್ತೆ ಒಂದು ವಿಷಯ. ಇಷ್ಟು ಹಿಟ್ಟಿಗೆ ಅಳತೆ ಈಗಲೇ ಬರ್ಕೊಂಡರೆ ಸಾಮಾನು ತರಿಸಬಹುದು. ನೀವು ಯಾವಾಗಲೂ ಕೈಯಂದಾಜಲ್ಲಿ ಹಾಕ್ತೀರಿ, ಯಾರಿಗೂ ಹೇಳಿದ್ದೇ ಇಲ್ಲ. ಈ ಬೇಸಿಗೆಗೆ ಉದ್ದು ಎಷ್ಟು, ಅಕ್ಕಿ ಯಾವುದು?”

ಸುಧಾಕರ ಹೇಳಿದ. ಅಕ್ಕಿ ಯಾವುದು, ಉದ್ದಿಗೆ ಅದರ ಎಷ್ಟು ಪಾಲು, ಒಂದು ಹಿಡಿ ಅವಲಕ್ಕಿ ಏಕೆ, ದೆಹಲಿಯ ಜೂನಿಗೆ ಮೆಂತೆ ಏಕೆ ಅರ್ಧ, ಜನವರಿಗೆ ಏಕೆ ದುಪ್ಪಟ್ಟು, ಕೊನೆಯ ಸುತ್ತಿಗೆ ಐಸಿನ ನೀರು ಯಾವಾಗ ಹಾಕಬೇಕು. ಹೇಳುತ್ತಾ ಹೋದಂತೆ ಅವನ ಮುಖಕ್ಕೆ ಸ್ವಲ್ಪ ಕಳೆಯೂ ಬಂತು. ರಾಯರು ಅತ್ತ ಕಡೆ ಬರೆದುಕೊಂಡರು, ಎರಡು ಸಲ ಓದಿ ಹೇಳಿ ಸರಿನೋಡಿಕೊಂಡರು. ಬೆಳಗ್ಗೆ ಐದಕ್ಕೆ ಬನ್ನಿ ಎಂದು ಫೋನು ಇಟ್ಟರು.

ಪ್ರಫುಲ್ಲಾ ಗಂಡನನ್ನೇ ನೋಡುತ್ತಿದ್ದಳು.

“ಅದನ್ನೂ ಕೊಟ್ಟುಬಿಟ್ರಾ?” ಎಂದಳು.

ಸುಧಾಕರನಿಗೆ ಆಗಷ್ಟೇ ಹೊಳೆಯಿತು. ಅವನು ತೊಡೆಯ ಮೇಲಿನ ಖಾಲಿ ಇಡ್ಲಿ ಪಾತ್ರೆಯ ಮುಚ್ಚಳವನ್ನು ಸರಿಯಾಗಿ ಮುಚ್ಚಿದ.

“ಕೇಳಿದರಲ್ಲ ಮಾರಾಯ್ತಿ,” ಎಂದ. “ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ?”